ಮೂರನೆಯ ದಿನದ ಗೆರೆ

ನನ್ನ ಮಾವನವರ ಜೊತೆ ಕೆಲಸ ಮಾಡುವುದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳುವುದು ಮೇಲು. ಗೋಡೆ ಕಡೇಪಕ್ಷ "ಇನ್ನೊಂದ್ಸಲ ಅಳೀರಿ" ಅನ್ನುವುದಿಲ್ಲ.

ಮಾವ ಎಂದರೆ ನನ್ನ ಹೆಂಡತಿಯ ತಂದೆ. ಮೂವತ್ತೆರಡು ವರ್ಷ ಕೊಳವೆಬಾವಿಗಳನ್ನು ಪರೀಕ್ಷೆ ಮಾಡಿ ನಿವೃತ್ತರಾದವರು. ಬಾವಿಯಲ್ಲಿ ನೀರು ಬಂತೋ ಇಲ್ಲವೋ ಎಂದು ಯಾರು ಬೇಕಾದರೂ ಹೇಳುತ್ತಾರೆ. ದಿನಾ ಎತ್ತಿದರೆ ಅದು ಎಷ್ಟು ಕಾಲ ಬಾಳುತ್ತದೆ ಎಂದು ಹೇಳುವುದು ಇವರ ಕಸುಬು. ಪಂಪನ್ನು ಒಂದೇ ಹದದಲ್ಲಿ ಮೂರು ದಿನ ಬಿಡದೆ ಓಡಿಸುತ್ತಾರೆ. ಪಕ್ಕದ ಇನ್ನೊಂದು ಬಾವಿಗೆ ಟೇಪು ಇಳಿಬಿಟ್ಟು ನೀರು ಎಷ್ಟು ಕೆಳಗೆ ಹೋಯಿತು ಎಂದು ಅಳೆಯುತ್ತಾರೆ. ಮೊದಲು ಅರ್ಧ ನಿಮಿಷಕ್ಕೊಮ್ಮೆ, ಆಮೇಲೆ ಐದು ನಿಮಿಷಕ್ಕೊಮ್ಮೆ, ಕೊನೆಗೆ ಗಂಟೆಗೊಮ್ಮೆ. ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟು, ಚುಕ್ಕೆಗಳ ಮೇಲೆ ಗೆರೆ ಎಳೆದು, ಆ ಗೆರೆಯನ್ನು ದಿಟ್ಟಿಸುತ್ತಾ ಕೂತರೆಂದರೆ ಊಟಕ್ಕೆ ಕರೆದರೂ ಕಿವಿಗೆ ಬೀಳುವುದಿಲ್ಲ.

ಮಗಳನ್ನು ನನಗೆ ಕೊಡುವ ಮೊದಲು ಈ ಮನುಷ್ಯ ನನ್ನನ್ನು ಮೂರು ದಿನ ತಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದರು. "ಮೊದಲ್ನೇ ದಿನ ಎಲ್ರೂ ಒಳ್ಳೆಯವರೇ" ಎಂದು ನನ್ನೆದುರೇ ಅತ್ತೆಗೆ ಹೇಳಿದ್ದರು. ನಾನು ನಕ್ಕಿದ್ದೆ. ಆಗ ನನಗೆ ಬುದ್ಧಿ ಇರಲಿಲ್ಲ.

ನಾನು ಕಟ್ಟಡದ ಇಂಜಿನಿಯರ್. ನಮ್ಮ ಊರಿನ ಆಸ್ಪತ್ರೆಗೆ ಡಯಾಲಿಸಿಸ್ ವಿಭಾಗ ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಎಂಟು ಯಂತ್ರ, ಒಂದೊಂದಕ್ಕೆ ನಾಲ್ಕು ರೋಗಿಗಳು, ಒಟ್ಟು ಮೂವತ್ತೆರಡು ಜನ. ಆ ಪಟ್ಟಿಯಲ್ಲಿ ಹತ್ತೊಂಬತ್ತನೆಯ ಹೆಸರು ನನ್ನ ಅಮ್ಮನದು. ಎರಡು ವರ್ಷದಿಂದ ಅಮ್ಮ ವಾರಕ್ಕೆ ಮೂರು ಸಲ ಬಸ್ಸಿನಲ್ಲಿ ಎರಡು ಗಂಟೆ ಹೋಗಿ, ನಾಲ್ಕು ಗಂಟೆ ಯಂತ್ರಕ್ಕೆ ಕೈ ಒಡ್ಡಿ ಮಲಗಿ, ಮತ್ತೆ ಎರಡು ಗಂಟೆ ಬಸ್ಸಿನಲ್ಲಿ ಬರುತ್ತಿದ್ದಳು. ಇಳಿಯುವಾಗ ಅವಳ ಮುಖ ಸುಣ್ಣದ ಹಾಗೆ ಬಿಳಿಚಿರುತ್ತಿತ್ತು. ಹೊಸ ವಿಭಾಗ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ.

ಕಟ್ಟಡ ಮುಗಿದಿತ್ತು, ಬಣ್ಣ ಹೊಡೆದಾಗಿತ್ತು, ಉದ್ಘಾಟನೆಯ ದಿನ ಗೊತ್ತಾಗಿತ್ತು. ಈ ಯಂತ್ರಗಳು ನೀರು ಕುಡಿಯುವುದು ನೋಡಿದರೆ ಗಾಬರಿಯಾಗಬೇಕು, ಹಾಗಾಗಿ ಹೊಸ ಕೊಳವೆಬಾವಿ ತಾಳುತ್ತದೆ ಎಂಬ ಒಂದು ಸಹಿ ಬೇಕಿತ್ತು. ಹೊರಗಿನವರು ಯಾಕೆ, ಮಾವ ಇದ್ದಾರಲ್ಲ ಎಂದು ಹೇಳಿದವನು ನಾನೇ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ.

"ಒಂದು ದಿನ ಓಡಿಸಿದ್ರೆ ಸಾಕಲ್ವಾ ಮಾವ?" ಎಂದು ಕೇಳಿದೆ.

"ಮೂರು ದಿನ. ಎತ್ತಿದ ನೀರು ಮುನ್ನೂರು ಮೀಟರ್ ಆಚೆ, ಚರಂಡಿಗೇ ಬೀಳ್ಬೇಕು. ಇಲ್ಲೇ ಚೆಲ್ಲಿದ್ರೆ ಇಂಗಿ ವಾಪಸ್ ಬಾವಿಗೇ ಬರುತ್ತೆ, ತಿಳೀತಾ?"

ತಿಳಿಯಿತು. ಐವತ್ತು ಪೈಪು ಜೋಡಿಸಿದೆವು. ಮಾವ ಬಾವಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತಲೆಗೆ ಟವೆಲು ಸುತ್ತಿಕೊಂಡು, ಗಡಿಯಾರ ನೋಡುತ್ತಾ ಕೂತರು. ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ, "ಅಳಿಯಂದ್ರೇ, ನೀವು ಹತ್ತು ಸೆಕೆಂಡ್ ತಡ" ಎಂದೇ ಮೂರು ಹೊತ್ತೂ ಬೈದರು.

ಎರಡನೆಯ ದಿನ ಬೆಳಿಗ್ಗೆ ಹಾಸಿಗೆ ಮಂಚಗಳ ಲಾರಿ ಬಂತು. ಪೈಪು ಗೇಟಿಗೆ ಅಡ್ಡ ಮಲಗಿತ್ತು. ಡ್ರೈವರು ಹಾರ್ನ್ ಹೊಡೆದೇ ಹೊಡೆದ. ಮಾವ ಒಳಗೆ ಆಸ್ಪತ್ರೆಯ ಕ್ಯಾಂಟೀನಿಗೆ ತಿಂಡಿಗೆ ಹೋಗಿದ್ದರು. ನಾನು ಗೇಟಿನ ಹತ್ತಿರ ಪೈಪು ಬಿಡಿಸಿ, ನೀರನ್ನು ಕಾಂಪೌಂಡ್ ಗೋಡೆಗೆಂದು ಮರಳು ನೆಲದಲ್ಲಿ ತೋಡಿದ್ದ ಗುಂಡಿಗೆ ತಿರುಗಿಸಿದೆ. ಅರ್ಧ ಗಂಟೆಯ ಮಾತು ಅಂದುಕೊಂಡೆ. ಲಾರಿಯ ಹಿಂದೆ ಇನ್ನೊಂದು ಲಾರಿ ಬಂತು, ಆಮೇಲೆ ಬಣ್ಣದವನು ಬಾಕಿ ಕೇಳಲು ಬಂದ, ಪೈಪು ನನ್ನ ತಲೆಯಿಂದ ಹಾರಿಯೇ ಹೋಯಿತು.

ಮಧ್ಯಾಹ್ನದಿಂದ ನೀರಿನ ಮಟ್ಟ ಇಳಿಯುವುದು ನಿಂತಿತು. ಸಂಜೆಯಾದರೂ ಅಲ್ಲೇ ಇತ್ತು, ಹದಿನಾಲ್ಕು ಮೀಟರ್ ತೊಂಬತ್ತು. ಗೆರೆ ಮೇಜಿನ ಹಾಗೆ ಮಟ್ಟಸ. ದೊಡ್ಡ ಡಾಕ್ಟರು ನನ್ನ ಕೈ ಕುಲುಕಿದರು. ನಾನು ಅಮ್ಮನಿಗೆ ಫೋನ್ ಮಾಡಿ "ಬಸ್ಸಿನ ಸಹವಾಸ ಮುಗೀತಮ್ಮ" ಅಂದೆ.

ಮಾವ ಮಾತ್ರ ಮುಖ ಗಂಟು ಹಾಕಿಕೊಂಡಿದ್ದರು. "ಇಷ್ಟು ಒಳ್ಳೆ ಗೆರೆ ನನಗೆ ಬೇಡ" ಎಂದರು. ಡ್ರಮ್ಮಿಗೆ ನೀರು ಹಿಡಿದು ಪಂಪಿನ ವೇಗ ನೋಡಿದರು, ಸರಿಯಿತ್ತು. ಟೇಪು ಬದಲಿಸಿ ಅಳೆದರು, ಅದೇ ಬಂತು. ಕೊನೆಗೆ ಕೋಲು ಹಿಡಿದು ಪೈಪಿನ ಜೊತೆಗೇ ನಡೆಯತೊಡಗಿದರು. ಆಗ ನನಗೆ ಗೇಟು ನೆನಪಾಯಿತು.

ವಾಪಸ್ ಬಂದವರು ಕೂಗಾಡಲಿಲ್ಲ. ಪಂಪಿನ ಸ್ವಿಚ್ಚು ಆರಿಸಿದರು.

"ಬಾವಿಯಿಂದ ನಲವತ್ತು ಮೀಟರ್‌ಗೆ ಗುಂಡಿ. ಬಾವಿ ನೀರು ಬಾವಿಗೇ ಕುಡಿಸಿ, ಭೇಷ್ ಭೇಷ್ ಅಂತ ಕೈ ಕುಲುಕ್ತಿದ್ದೀರಾ? ಮಟ್ಟ ಪೂರ್ತಿ ಮೇಲೆ ಬರೋಕೆ ಎರಡು ದಿನ. ಆಮೇಲೆ ಮೊದಲಿಂದ ಮೂರು ದಿನ."

ನನ್ನ ಪಿತ್ತ ನೆತ್ತಿಗೇರಿತು. ತಪ್ಪು ನನ್ನದೇ ಆಗಿದ್ದಕ್ಕೆ ಇನ್ನೂ ಜಾಸ್ತಿ ಏರಿತು. "ಉದ್ಘಾಟನೆ ನಾಡಿದ್ದು! ಅಮ್ಮನ ಮುಖ ನೋಡಿಯಾದ್ರೂ ಒಂದು ಸಹಿ ಹಾಕಬಾರದಾ? ಒಂದು ದಿನದ ಲೆಕ್ಕ ಇದೆಯಲ್ಲ!" ಎಂದು ಎಲ್ಲರೆದುರು ಕಿರುಚಿದೆ.

"ನಿಮ್ಮಮ್ಮನ ಮುಖ ನೋಡೇ ಹಾಕ್ತಿಲ್ಲ" ಎಂದು ಟೇಪು ಸುತ್ತಿಕೊಂಡು ಹೋದರು.

ಉದ್ಘಾಟನೆ ಮುಂದಕ್ಕೆ ಹೋಯಿತು. ಊರೆಲ್ಲ ನನ್ನನ್ನು ಕೇಳುವುದೇ ಕೇಳುವುದು. ಮನೆಯಲ್ಲಿ ಹೆಂಡತಿ ಅಪ್ಪನ ಪರವೂ ಮಾತಾಡಲಿಲ್ಲ, ನನ್ನ ಪರವೂ ಮಾತಾಡಲಿಲ್ಲ, ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟಳು. ನಾನು ಎರಡನೆಯ ಪರೀಕ್ಷೆಯ ಹತ್ತಿರ ಸುಳಿಯಲಿಲ್ಲ, ಸುಳಿಯದಿದ್ದರೂ ಗಂಟೆಗೊಮ್ಮೆ ಕಾವಲಿನವನಿಗೆ ಫೋನ್ ಮಾಡಿ ಮಟ್ಟ ಕೇಳುತ್ತಿದ್ದೆ. ಎರಡು ದಿನ ಗೆರೆ ಶಿಸ್ತಾಗಿ ಒಂದೇ ಓರೆಯಲ್ಲಿ ಇಳಿಯಿತು. ಕಂಡಿರಾ, ಒಂದು ದಿನ ಸಾಕಿತ್ತು ಎಂದು ಒಳಗೊಳಗೇ ಹಲ್ಲು ಕಡಿದೆ.

ಮೂರನೆಯ ದಿನ, ಐವತ್ತೊಂದನೆಯ ಗಂಟೆಗೆ, ಗೆರೆ ಮುರಿಯಿತು. ಅಲ್ಲಿಂದ ನೀರು ಎರಡರಷ್ಟು ಕಡಿದಾಗಿ ಇಳಿಯಿತು. ನೆಲದೊಳಗೆ ಒಂದು ಕಡೆ ಗಟ್ಟಿ ಬಂಡೆಯ ಗೋಡೆಯಿದೆ, ಆ ಕಡೆಯಿಂದ ಬಾವಿಗೆ ಏನೂ ಬರುವುದಿಲ್ಲ ಎಂದು ಮಾವ ಡಾಕ್ಟರಿಗೆ ವಿವರಿಸಿದರು. ಬಾವಿ ತಾಳುವುದು ನಾವು ಅಂದುಕೊಂಡದ್ದರ ಅರ್ಧ. ಎಂಟು ಯಂತ್ರಕ್ಕೆ ಹಚ್ಚಿದರೆ ಬೇಸಿಗೆಯಲ್ಲಿ ರೋಗಿಗಳು ಮಲಗಿರುವಾಗಲೇ ನಲ್ಲಿ ಬತ್ತುತ್ತದೆ. ನಾಲ್ಕು ಯಂತ್ರ, ಹದಿನಾರು ಜನ. ಹಾಗೆಂದು ಬರೆದು ಸಹಿ ಹಾಕಿದರು. ಪಟ್ಟಿ ಅವರಿಗೂ ಬಾಯಿಪಾಠವಾಗಿತ್ತು. ಹತ್ತೊಂಬತ್ತು ಎಲ್ಲಿ ಬರುತ್ತದೆಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ.

ಸೀದಾ ನಮ್ಮ ಮನೆಗೆ ಬಂದರು. ಟವೆಲು ಇನ್ನೂ ತಲೆಯ ಮೇಲೇ ಇತ್ತು. ಅಮ್ಮನ ಎದುರು ಕೂತು, ಮೂವತ್ತೆರಡು ವರ್ಷದ ಸರ್ವೀಸಿನಲ್ಲಿ ಯಾರಿಗೂ ತಗ್ಗದ ದನಿ ತಗ್ಗಿಸಿದರು.

"ತಂಗೀ, ನಿಮ್ಮ ಹೆಸರು ಬಿಟ್ಟುಹೋಯ್ತು. ಬಿಟ್ಟಿದ್ದು ನಾನೇ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಕಣ್ಣು ಒದ್ದೆಯಾಗಿತ್ತು, ನಾನು ನೋಡಿದೆ. "ಅರ್ಧಕ್ಕೆ ನಿಲ್ಲೋ ಮಿಷನ್‌ಗಿಂತ ಬಸ್ಸೇ ವಾಸಿ ಬಿಡಿ ಬೀಗರೇ" ಎಂದಳು. ಆಮೇಲೆ ಕಾಫಿಗೆ ಎದ್ದಳು.

"ನಾಳೆ ಬಸ್ಸು ಎಷ್ಟು ಗಂಟೆಗೆ?" ಎಂದು ಮಾವ ಕೇಳಿದರು.

ಅಂದಿನಿಂದ ವಾರಕ್ಕೆ ಮೂರು ಸಲ ಅಮ್ಮನ ಪಕ್ಕದ ಸೀಟು ಅವರದು. ಬಸ್ಸು ಎಷ್ಟು ನಿಮಿಷ ತಡ ಎಂದು ಪುಸ್ತಕದಲ್ಲಿ ಬರೆದುಕೊಂಡು ಕಂಡಕ್ಟರಿಗೆ ತೋರಿಸುತ್ತಾರಂತೆ. ಅವನಿಗೂ ತಲೆ ಚಿಟ್ಟು ಹಿಡಿದಿದೆಯಂತೆ, ನನಗೆ ಅಷ್ಟೇ ಸಮಾಧಾನ.

ಬಂಡೆಗೋಡೆಯ ಆಚೆ ಬದಿಯಲ್ಲಿ ಎರಡನೆಯ ಬಾವಿ ಕೊರೆಸಿದ್ದೇವೆ. ಇವತ್ತು ಅದರ ಪರೀಕ್ಷೆಯ ಮೂರನೆಯ ದಿನ. ಮಾವ ಅಮ್ಮನ ಜೊತೆ ಬಸ್ಸಿನಲ್ಲಿದ್ದಾರೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಟೇಪು ಹಿಡಿದು ನಾನಿದ್ದೇನೆ. ಬೆಳಿಗ್ಗೆ ಒಂದು ಲಾರಿ ಗೇಟಿನ ಹತ್ತಿರ ಹಾರ್ನ್ ಹೊಡೆಯಿತು. ಆಚೆಯೇ ಇಳಿಸಿ ಹೊತ್ತುಕೊಂಡು ಬನ್ನಿ ಎಂದೆ. ಆಮೇಲೂ ಮನಸ್ಸು ತಡೆಯದೆ, ಪೈಪಿನ ಜೊತೆ ಮುನ್ನೂರು ಮೀಟರ್ ನಡೆದು, ನೀರು ಚರಂಡಿಗೇ ಬೀಳುತ್ತಿರುವುದನ್ನು ನೋಡಿ ಬಂದೆ. ನಲವತ್ತೊಂಬತ್ತನೆಯ ಗಂಟೆ ಮುಗಿದಿದೆ. ಗೆರೆ ಇನ್ನೂ ಮುರಿದಿಲ್ಲ.