ಹಂದಿಯ ಹಣೆಗಿಟ್ಟ ಕುಂಕುಮ

ನಮ್ಮ ಯಜಮಾನರು ಪೀಣ್ಯದ ಕಾರ್ಖಾನೆಯಲ್ಲಿ ಪ್ರೆಸ್ ಮಷೀನು ನಡೆಸುತ್ತಾರೆ. ತಗಡು ಕತ್ತರಿಸುವ ಯಂತ್ರ; ಸಿಕ್ಕರೆ ಬೆರಳೂ ಅದಕ್ಕೆ ತಗಡೇ. ಸಂಜೆ ಅವರು ಚಿಕ್ಕಬಾಣಾವರದ ಮನೆಗೆ ಬಂದು ಕಾಫಿ ಲೋಟ ಹಿಡಿದಾಗ ನಾನು ಸುಮ್ಮನೆ ಬೆರಳೆಣಿಸುತ್ತೇನೆ. ಹತ್ತಿದ್ದರೆ ಆ ದಿನ ದೇವರು ಕಾಪಾಡಿದ.

ಒಮ್ಮೆ ಅವರು ಕಾರ್ಖಾನೆಯ ಆಫೀಸಿನವರು ಬೇಡವೆಂದ ದೊಡ್ಡ ಪಟವೊಂದನ್ನು ತಂದು ಹಾಲಿನಲ್ಲಿ ನೇತುಹಾಕಿದರು. "ಫ್ರೇಮ್ ಸಕ್ಕತ್ತಾಗಿದೆ ಕಣೇ!"

ಮರುದಿನ ಅವರು ಕೆಲಸಕ್ಕೆ ಹೋದ ಮೇಲೆ ಸರಿಯಾಗಿ ನೋಡಿದೆ. ಪಟದ ತುಂಬ ಕತ್ತಲು. ಒಂದು ಪಕ್ಕದ ಬೆಳಕಿನಲ್ಲಿ ಕುದುರೆ, ನಾಯಿ, ಭರ್ಜಿಯ ಗಂಡಸರು, ಬಿಲ್ಲು ಹಿಡಿದ ಹೆಂಗಸು, ಎಲ್ಲ ಒಂದರ ಮೇಲೊಂದು. ನಡುವೆ ಕೋರೆಯ ಹಂದಿ. ವರಾಹಸ್ವಾಮಿಯನ್ನೇ ಚುಚ್ಚುತ್ತಿದ್ದಾರಲ್ಲ! ಹಂದಿಯ ಹಣೆಗೆ, ಗಾಜಿನ ಮೇಲೆ, ಕುಂಕುಮವಿಟ್ಟು ತಪ್ಪಾಯಿತೆಂದು ಕೈಮುಗಿದೆ.

ಕಾಲೇಜಿನಿಂದ ಬಂದ ಮಗಳು ಬಿದ್ದುಬಿದ್ದು ನಕ್ಕಳು. "ಅಮ್ಮಾ, ವಿಲನ್‌ಗೆ ಬೊಟ್ಟಿಟ್ಟಿದ್ದೀಯ!" ಮೊಬೈಲಿನಲ್ಲಿ ಹುಡುಕಿದಳು. ಚಿತ್ರ ನಾನೂರು ವರ್ಷದ ಹಿಂದೆ ಯುರೋಪಿನಲ್ಲಿ ಬರೆದದ್ದು, ಕಥೆ ಇನ್ನೂ ಹಳೆಯ ಗ್ರೀಕರದು. "ಒಬ್ಬ ರಾಜ ಸುಗ್ಗೀಲಿ ಎಲ್ಲಾ ದೇವರಿಗೂ ಎಡೆ ಇಟ್ನಂತೆ. ಒಬ್ಬ ದೇವಿನ ಮರೆತ್ಬಿಟ್ಟ. ಆ ಕೋಪಕ್ಕೆ ಅವಳು ಕಳಿಸಿದ ಹಂದಿ ಇದು."

"ಬಿಲ್ಲು ಹಿಡ್ದಿರೋಳು ಅವಳೇನಾ?"

"ಅಲ್ಲಮ್ಮ, ಇವಳು ಬೇಟೆಗೆ ಬಂದೋಳು. ದೇವಿ ಚಿತ್ರದಲ್ಲೇ ಇಲ್ಲ."

ನಾನು ಮತ್ತೆ ಪಟದತ್ತ ತಿರುಗಿದೆ. ಹಾಗಾದರೆ ಆ ಕತ್ತಲೆಲ್ಲ ಅವಳೇ. ಹೋದ ವರ್ಷ ಯಂತ್ರಕ್ಕೆ ಇವರ ಗ್ಲೌಸಿನ ತುದಿಯಷ್ಟೇ ಸಿಕ್ಕಿ ಬೆರಳು ಉಳಿದಾಗ, ಮಾರಮ್ಮನಿಗೆ ತಂಬಿಟ್ಟಿನಾರತಿ ಬೆಳಗುತ್ತೇನೆಂದು ಹರಕೆ ಹೊತ್ತಿದ್ದೆ. ಆಮೇಲೆ ಮನೆದೇವರಿಗೆ ಹೋಗಿಬಂದೆವು, ಬೆಟ್ಟದ ದೇವರಿಗೂ ಹೋಗಿಬಂದೆವು. ನಮ್ಮ ಬೀದಿ ಕೊನೆಯ ಅಮ್ಮನನ್ನೇ ಮರೆತಿದ್ದೆ.

ಗಡಿಯಾರ ನೋಡಿದೆ. ಇವರು ಬರುವ ಹೊತ್ತು ದಾಟಿತ್ತು. ಫೋನೂ ಹೋಗಲಿಲ್ಲ.

ಅಕ್ಕಿಹಿಟ್ಟು ಹುರಿದು ಬೆಲ್ಲ ಕಲಸುವಾಗ ಅವಸರಕ್ಕೆ ತಂಬಿಟ್ಟು ಎರಡು ಸಲ ಒಡೆಯಿತು. ಹೇಗೋ ಗುಣಿ ಮಾಡಿ, ತುಪ್ಪ ತುಂಬಿ, ಬತ್ತಿ ಇಟ್ಟು ಗುಡಿಗೆ ಓಡಿದೆ. "ಮರೆತೋಳು ನಾನು ತಾಯಿ, ಅವರಲ್ಲ," ಎಂದಷ್ಟೇ ಬೇಡಿಕೊಂಡೆ.

ವಾಪಸು ಬಂದರೆ ಇವರು ಬಾಗಿಲಲ್ಲಿ ನಿಂತಿದ್ದರು, ಎಡಗೈ ಹೆಲ್ಮೆಟ್ಟಿನೊಳಗೆ. "ಚಾರ್ಜ್ ಖಾಲಿ ಆಗಿತ್ತು ಕಣೇ. ರೋಡೆಲ್ಲಾ ಜಾಮು," ಎನ್ನುತ್ತಾ ಪ್ರಸಾದಕ್ಕೆ ಬಲಗೈ ಚಾಚಿದರು.

"ಎರಡೂ ಕೈ ಒಡ್ರಿ."

"ಒಂದು ಉಂಡೆಗೆ ಎರಡು ಕೈ ಯಾಕೇ?"

"ಒಡ್ರಿ ಅಂದೆ."

ಹೆಲ್ಮೆಟ್ಟು ಕೆಳಗಿಟ್ಟರು. ಎಣಿಸಿದೆ. ಮತ್ತೊಮ್ಮೆ ಎಣಿಸಿದ ಮೇಲೆ ತಂಬಿಟ್ಟು ಕೊಟ್ಟೆ.