ಜಸಿಂತಾ ಹೊಲಿದ ನೇರಳೆ ಪರದೆ

ಬೆಳಕು ಹರಿಯುವ ಹೊತ್ತಿಗೆ ಹಲಸೂರಿನ ಆ ಪುಟ್ಟ ಚರ್ಚಿನಲ್ಲಿ ಎದ್ದಿರುವುದು ಒಂದು ಟ್ಯೂಬ್‌ಲೈಟು ಮತ್ತು ಜಸಿಂತಾ ಮಾತ್ರ. ಬಾಣಸವಾಡಿಯಿಂದ ಮೊದಲ ಬಸ್ಸು ಹಿಡಿದು ಬಂದಿದ್ದಾರೆ. ಮರದ ಚೌಕಟ್ಟಿಗೆ ಬಿಗಿದ ನೇರಳೆ ಪರದೆಯ ಮೇಲೆ ಬಾಗಿ, ನಿನ್ನೆ ಸಂಜೆ ಸಭೆಯವರು ಹಾಕಿಹೋದ ಹೊಲಿಗೆಗಳನ್ನು ಒಂದೊಂದಾಗಿ ಭದ್ರ ಮಾಡುತ್ತಿದ್ದಾರೆ. ಒಂದು ಗಂಟನ್ನು ಎಳೆದು ನೋಡಿ ನಗುತ್ತಾರೆ. "ಇದ್ಯಾರೋ ಶೂ ಲೇಸ್ ಕಟ್ಟಿದಂಗೆ ಕಟ್ಟಿದಾರೆ. ಇರ್ಲಿ, ಬಿಚ್ಚಲ್ಲ. ಅವ್ರ ಪ್ರಾರ್ಥನೆ ಅಲ್ವಾ?"

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದುದ್ದಕ್ಕೂ ಈ ಪರದೆ ಬಲಿಪೀಠದ ಹಿಂದೆ ತೂಗುತ್ತದೆ. ಬುಧವಾರ ಸಂಜೆ ಮಾತ್ರ ಕೆಳಗಿಳಿಯುತ್ತದೆ. ಪ್ರಾರ್ಥನೆ ಮುಗಿಸಿದವರು ತಂತಮ್ಮ ದುಃಖಕ್ಕೊಂದು ಬೂದು ಬಣ್ಣದ ಎಳೆ ಹೊಲಿದು ಹೋಗುತ್ತಾರೆ. ತಮಿಳು ಮಾತಾಡುವ ಅಜ್ಜಿಯರು, ಜೊತೆಯಾಗಿ ಬಾಳುವ ಇಬ್ಬರು ಗಂಡಸರು, ಗಾಲಿಕುರ್ಚಿಯಲ್ಲಿ ಬರುವವರು, ಜಸಿಂತಾರಂಥ ಟ್ರಾನ್ಸ್ ಮಹಿಳೆಯರು, ಎಲ್ಲರೂ ಈ ಸಭೆಯವರೇ. ಬಾಗಿಲಲ್ಲಿ ಯಾರನ್ನೂ ಏನೂ ಕೇಳುವುದಿಲ್ಲ.

ಬೇರೆ ಕಡೆ ಜಸಿಂತಾರನ್ನು ಕೇಳಿದ್ದರು. ಚಿಕ್ಕಂದಿನಿಂದ ಹಾಡುತ್ತಿದ್ದ ಚರ್ಚಿನಲ್ಲಿ, ಸೀರೆ ಉಟ್ಟು ಬಂದ ದಿನವೇ ಅವರನ್ನು ಗಾಯನವೃಂದದಿಂದ ಇಳಿಸಿದರು. ಮನೆಯವರೂ ಬಾಗಿಲು ಹಾಕಿಕೊಂಡರು. ಆಗ ಶಿವಾಜಿನಗರದ ಶಂಶುನ್ನೀಸಾ ಆಪಾ ಬಂಗಾರದೆಳೆಯ ಕಸೂತಿ ಮಾಡುವ ತಮ್ಮ ಜರ್ದೋಸಿ ಕಾರ್ಖಾನೆಯಲ್ಲಿ ಜಾಗ ಕೊಟ್ಟು ಸೂಜಿ ಹಿಡಿಯಲು ಕಲಿಸಿದರು. ಅಂದಿನಿಂದ ಮದುವೆ ಬ್ಲೌಸುಗಳೇ ಬದುಕು. ದಿನಕ್ಕೆ ಹತ್ತು ಗಂಟೆ ನೆಲದ ಮೇಲೆ ಕೂತು ಕೆಲಸ; ಭರ್ಜರಿ ಬ್ಲೌಸಾದರೆ ವಾರ ಹಿಡಿಯುತ್ತದೆ. ಇಂದಿರಾನಗರದ ಗಾಜಿನ ಅಂಗಡಿಗಳಲ್ಲಿ ಅವು ಇನ್ಯಾರದೋ ಹೆಸರಿನಲ್ಲಿ ಮಿಂಚುತ್ತವೆ. ಕೇಳಿ ನನಗೆ ಮೈ ಉರಿಯಿತು. ಜಸಿಂತಾ ಭುಜ ಕುಣಿಸಿ ಇನ್ನೊಂದು ಗಂಟು ಬಿಗಿದರು.

ತಪಸ್ಸು ಕಾಲಕ್ಕೊಂದು ಪರದೆ ಮಾಡಿಕೊಡಿ ಎಂದು ಸಭಾಪಾಲಕಿ ನಂದಿತಾ ಈ ವರ್ಷ ಕೇಳಿದರು. ಚರ್ಚೊಂದು ತನ್ನಿಂದ ಏನನ್ನಾದರೂ ಬಯಸಿದ್ದು ಅದೇ ಮೊದಲು. ಮದುವೆ ಬ್ಲೌಸಿನಲ್ಲಿ ಪಳಗಿದ ಕೈ ಸುಮ್ಮನಿದ್ದೀತೇ? ಪರದೆ ಮೇಲೆ ಬಳ್ಳಿ ಹಬ್ಬಿಸಿ, ಅದರ ತುಂಬ ಬಂಗಾರದ ಹೂವು, ಮಣಿ, ಚಮಕಿ ಸುರಿದುಬಿಟ್ಟರು. ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರದ ಹಿಂದಿನ ದಿನ ಬಿಡಿಸಿ ತೋರಿಸಿದರು. ತಪಸ್ಸು ಕಾಲದಲ್ಲಿ ಇಲ್ಲಿ ಹೂವನ್ನೇ ಇಡುವುದಿಲ್ಲ, ಇನ್ನು ಈ ಥಳಕು ಎಲ್ಲಿಯ ಮಾತು? ಕಲ್ಯಾಣ ಮಂಟಪದ ಹಾಗಿದೆ ಎಂದರು ಸಭೆಯ ಹಿರಿಯ ದೇವಸಹಾಯಂ. ಕಸೂತಿ ಬಿಚ್ಚೋಣವೆಂದರೆ ಬಟ್ಟೆಯೆಲ್ಲ ತೂತಾಗುತ್ತದೆ. "ಇಲ್ಲಿಗೆ ಮುಗೀತು, ಇವ್ರೂ ಹೊರಗೆ ಕಳಿಸ್ತಾರೆ ಅಂದ್ಕೊಂಡೆ," ಎನ್ನುತ್ತಾರೆ ಜಸಿಂತಾ. "ಚಪ್ಪಲಿ ಹಾಕ್ಕೊಂಡು ನಿಂತಿದ್ದೆ."

ಎತ್ತಿಡಲೆಂದು ಪರದೆ ಮಡಚತೊಡಗಿದವರು ಅದೇ ದೇವಸಹಾಯಂ. ಇನ್ನೂ ಅಸ್ತರು ಹಾಕಿರಲಿಲ್ಲವಾದ್ದರಿಂದ ಒಳಮೈ ಕಣ್ಣಿಗೆ ಬಿತ್ತು, ಅವರ ಕೈ ನಿಂತಿತು. ಬಂಗಾರವೆಲ್ಲ ಆ ಕಡೆ. ಈ ಕಡೆ ಬರೀ ಮಾಸಲು ನೂಲಿನ ಗಂಟು, ತುಂಡು ಎಳೆಗಳು, ನೋಡಿದರೆ ಎಲೆಯುದುರಿದ ಮುಳ್ಳುಬಳ್ಳಿಯಂತೆ. ಮುದುಕರು ಆ ಒಳಮೈಯನ್ನೇ ಎಲ್ಲರಿಗೂ ಕಾಣುವಂತೆ ಬಿಡಿಸಿ ಹಿಡಿದರು. "ಹೀಗೇ ತೂಗಾಕಮ್ಮ," ಎಂದರು. "ಈಸ್ಟರ್ ದಿನ ತಿರುಗಿಸೋಣ."

ಜನ ಎಳೆ ಸೇರಿಸುತ್ತಿರುವುದು ಆ ಮುಳ್ಳುಗಳ ನಡುವೆಯೇ. ಅವರ ಸೂಜಿ ಆ ಬದಿಯ ಹೂವನ್ನು ಕೆಡಿಸಿದ್ದರೆ ಸರಿಪಡಿಸುವುದೇ ಜಸಿಂತಾರ ಗುರುವಾರ ಬೆಳಗಿನ ಕೆಲಸ. ಇದನ್ನು ಮುಗಿಸಿಯೇ ಅವರು ಕಾರ್ಖಾನೆಗೆ ಓಡುವುದು.

ಈ ಭಾನುವಾರ ಈಸ್ಟರ್. ಪರದೆ ತಿರುಗಿಸಲು ಜಸಿಂತಾರೇ ಆಗಬೇಕೆಂದು ದೇವಸಹಾಯಂ ಪಟ್ಟು ಹಿಡಿದರಂತೆ, ಸಭೆ ಚಪ್ಪಾಳೆ ತಟ್ಟಿತಂತೆ. ಶಂಶುನ್ನೀಸಾ ಆಪಾ ಕಾರ್ಖಾನೆ ಮುಚ್ಚಿ ಎಲ್ಲರನ್ನೂ ಕರೆತರುತ್ತಿದ್ದಾರೆ. ಯಾವಾಗಲೂ ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕೂರುವವರು ಅಂದು ಬಲಿಪೀಠದ ಎದುರು ನಿಲ್ಲಬೇಕು. ಹೆದರಿಕೆಯೇ ಎಂದು ಕೇಳುತ್ತೇನೆ. ದಾರವನ್ನು ಹಲ್ಲಲ್ಲಿ ಕಡಿದು ತಲೆ ಎತ್ತುತ್ತಾರೆ.

"ಎಷ್ಟು ಮದ್ವೆ ಹೆಣ್ಣುಗಳಿಗೆ ಬಂಗಾರ ಹಾಕ್ಕೊಟ್ಟಿದೀನಿ ಸಾರ್, ಒಬ್ರಿಗೂ ನಾನ್ಯಾರು ಅಂತ ಗೊತ್ತಿಲ್ಲ. ಭಾನುವಾರ ಮಾತ್ರ ಇದನ್ನ ಯಾರು ಹೊಲ್ದಿದ್ದು ಅಂತ ಯಾರೂ ಕೇಳ್ಬೇಕಾಗಿಲ್ಲ. ಪಕ್ಕದಲ್ಲೇ ನಿಂತಿರ್ತೀನಿ."