ಕಬ್ಬು ಕಾಣದ ಮನೆ

ಶ್ರೀರಂಗಪಟ್ಟಣದ ಹತ್ತಿರ ಬೀದಿನಾಯಿಗಳಿಗೊಂದು ಆಶ್ರಯವಿದೆ. ನನ್ನ ಕೆಲಸ ಅಲ್ಲಿ. ಯಾವ ನಾಯಿಯನ್ನೂ ಪರೀಕ್ಷೆ ಮಾಡದೆ ಮಕ್ಕಳಿರುವ ಮನೆಗೆ ಕೊಡುವುದಿಲ್ಲ. ಅದು ತಿನ್ನುವಾಗ ತಟ್ಟೆಗೆ ಕೈ ಹಾಕುತ್ತೇನೆ, ಬಾಲ ಎಳೆಯುತ್ತೇನೆ, ಮುಖದೆದುರೇ ಫಟ್ಟನೆ ಕೊಡೆ ಬಿಚ್ಚುತ್ತೇನೆ, ಮಕ್ಕಳ ಹಾಗೆ ಕಿರುಚುತ್ತೇನೆ. ದಾರಿಹೋಕರು ಅನುಮಾನದಿಂದ ನೋಡುವುದು ನಾಯಿಯನ್ನಲ್ಲ, ನನ್ನನ್ನು. ಕೆಂಚ ಎಂಬ ನಾಯಿ ಇದಿಷ್ಟನ್ನೂ ಆಕಳಿಸುತ್ತಲೇ ಸಹಿಸಿಕೊಂಡ.

ಅವನನ್ನು ಒಯ್ಯಲು ಕೆ.ಆರ್. ಪೇಟೆ ಕಡೆಯ ರೈತರೊಬ್ಬರು ಪುಟ್ಟ ಮೊಮ್ಮಗಳ ಜೊತೆ ಬಂದರು. ಮಗು ಕತ್ತು ತಬ್ಬಿದರೆ ಕೆಂಚ ಅವಳ ಕಿವಿ ನೆಕ್ಕಿದ. ಇನ್ನೇನು ಹೊರಡಬೇಕು, ಅವಳು ಓಡಿಹೋಗಿ ಸ್ಕೂಟರಿನಲ್ಲಿಟ್ಟಿದ್ದ ಕಬ್ಬಿನ ಜಲ್ಲೆ ಹಿಡಿದು ಬಂದಳು. ಕೆಂಚ ಗುರ್ರೆಂದು ಅವಳ ಮೇಲೆ ಎಗರಿದ. ಹಗ್ಗ ನನ್ನ ಕೈಯಲ್ಲಿದ್ದದ್ದು ಪುಣ್ಯ.

ಅಳುವ ಮಗುವನ್ನು ಎತ್ತಿಕೊಂಡು ಅಜ್ಜ ಅಂದರು, "ಯಾವನೋ ಇದುಕ್ಕೆ ಜಲ್ಲೇಲಿ ಬಡ್ದವ್ನೆ ಸಾ."

"ಮಗು ಕೈಗೆ ಕಬ್ಬು ಕೊಡದಿದ್ದರೆ ಆಯ್ತಲ್ಲ ಯಜಮಾನ್ರೇ?" ನನಗಿನ್ನೂ ಆಸೆ.

"ನಮ್ಮನೆ ಬಾಗ್ಲು ತೆಗುದ್ರೆ ಕಬ್ಬಿನ ಗದ್ದೆ. ಕೊಡಬ್ಯಾಡಿ ಅಂತ ಊರೋರ್ಗೆಲ್ಲ ಯೋಳ್ಕಂಡ್ ತಿರುಗಕ್ಕಾಯ್ತದಾ?"

ಅವರು ಹೊರಟರು. ಬಿದ್ದಿದ್ದ ಜಲ್ಲೆಯನ್ನು ನಾನು ಬೇಲಿಯಾಚೆ ಎಸೆದದ್ದೇ ತಡ, ಕೆಂಚ ಬಾಲ ಅಲ್ಲಾಡಿಸುತ್ತಾ, ಹಗ್ಗ ಹಿಡಿದ ನನ್ನನ್ನೂ ಎಳೆದುಕೊಂಡು ಗೇಟಿನವರೆಗೂ ಅವರ ಹಿಂದೆ ಓಡಿದ.

ಈಗ ಪರೀಕ್ಷೆಗೆ ಕೊಡೆಯ ಜೊತೆ ಒಂದು ಜಲ್ಲೆಯನ್ನೂ ಇಟ್ಟುಕೊಂಡಿದ್ದೇನೆ. ಮಂಡ್ಯ ಜಿಲ್ಲೆಯಲ್ಲಿ ಕಬ್ಬು ಕಾಣದ ಮನೆ ಯಾವುದಾದರೂ ಇದ್ದರೆ ದಯವಿಟ್ಟು ತಿಳಿಸಿ. ನಾಯಿ ತುಂಬಾ ಸಾಧು.